ಸೀ ಟ್ರಯಲ್‌ಗೆ ದುಡ್ಡು ತಗೊಂಡರು, ಬೋಟ್ ಮಾತ್ರ ಕಟ್ಟಿದ ಜಾಗ ಬಿಟ್ಟು ಕದಲಿರಲಿಲ್ಲ

ಇಂಗ್ಲೆಂಡಿನ ಸೌತಾಂಪ್ಟನ್ ಕಡೆ ಬೋಟ್ ಇಟ್ಟುಕೊಂಡಿರುವ, ಇಲ್ಲವೇ ಹಳೆ ಬೋಟ್ ಕೊಳ್ಳೋಣ ಅಂತ ನೋಡುತ್ತಿರುವ ನಮ್ಮವರು ದಯವಿಟ್ಟು ಇದನ್ನು ಪೂರ್ತಿ ಓದಿ. ಆಟೋಪೈಲಟ್, ಅಂದರೆ ಬೋಟನ್ನು ತಾನಾಗೇ ಹಿಡಿದ ದಿಕ್ಕಿಗೆ ನಡೆಸುವ ಯಂತ್ರ, ಹಾಕಿಸುವ ಮುಂಚೆ ಓದಿ. ಹಾಕಿಸಿ ಆಗಿದ್ದರೆ ಇವತ್ತೇ ಬಿಲ್ ತೆಗೆದು ನೋಡಿ, ಅದರಲ್ಲಿ ಬರೆದಿರುವ ಕೆಲಸ ನಿಜವಾಗಿ ಆಗಿದೆಯಾ ಅಂತ. ನನಗೆ ಇನ್ನೂ ಕೋಪ ಇಳಿದಿಲ್ಲ.

ನಮ್ಮದು 34 ಅಡಿಯ ಹಳೆಯ ಹಾಯಿ ಬೋಟ್. ಹೆಚ್ಚಾಗಿ ನಾನು, ಹೆಂಡತಿ ಇಬ್ಬರೇ ಹೋಗುತ್ತೇವೆ. ಒಬ್ಬರು ಹಾಯಿ ಇಳಿಸುವಾಗ ಇನ್ನೊಬ್ಬರು ಹಗ್ಗ ಹಿಡಿಯಬೇಕು, ಆಗ ಚುಕ್ಕಾಣಿ ಯಾರು ನೋಡಿಕೊಳ್ಳುತ್ತಾರೆ? ಅದಕ್ಕೇ ಆಟೋಪೈಲಟ್ ಬೇಕಾಗಿತ್ತು, ಶೋಕಿಗಲ್ಲ. ಹಳೆಯದು ಕೆಟ್ಟು ಹೋಗಿತ್ತು. ಚುಕ್ಕಾಣಿ ತಿರುಗಿಸುವ ಚಕ್ರಕ್ಕೇ ಕಟ್ಟುವ ಮಾದರಿ ಅಗ್ಗ ಅಂತ ಗೊತ್ತಿತ್ತು. ಆದರೆ ಬೋಟ್ ಕಂಪನಿ ಬರೆಯುವ ತೂಕ ಖಾಲಿ ಬೋಟಿನದು. ನೀರು, ಡೀಸೆಲ್, ಲಂಗರಿನ ಸರಪಳಿ, ಸಾಮಾನು, ಜನ ಎಲ್ಲ ಸೇರಿದರೆ 20% ಜಾಸ್ತಿ ಅಂತಲೇ ಲೆಕ್ಕ ಹಾಕಬೇಕು. ಹಾಗೆ ಹಾಕಿದರೆ ನಮ್ಮದು 7 ಟನ್ ಹತ್ತಿರ ಬರುತ್ತದೆ, ಚಕ್ರದ ಮಾದರಿಗೆ ಅದು ಬಹುತೇಕ ಕೊನೆಯ ಮಿತಿ. ಹಾಗಾಗಿ ಡೆಕ್ ಕೆಳಗೆ ರಡ್ಡರ್‌ಗೇ (ನೀರಿನೊಳಗಿನ ಚುಕ್ಕಾಣಿ ಹಲಗೆಗೇ) ನೇರವಾಗಿ ಜೋಡಿಸುವ ಮೋಟರ್ ಆರಿಸಿದೆವು. ಮಾರಿ, ಹಾಕಿಕೊಟ್ಟ ಅಂಗಡಿಯವನೂ ಅದನ್ನೇ ಹೇಳಿದ. ಇಲ್ಲಿವರೆಗೆ ನನ್ನ ತಕರಾರಿಲ್ಲ. ಯಂತ್ರದ ಬಗ್ಗೆಯೂ ಇಲ್ಲ. ಹಾಕಿದವನ ಬಗ್ಗೆ.

ಬಿಲ್‌ನಲ್ಲಿ ಸಾಮಾನಿನ ಬೆಲೆ, ಕೂಲಿ, ಆಮೇಲೆ ಬೇರೆಯದೇ ಒಂದು ಸಾಲು: 'ಕಮಿಷನಿಂಗ್ ಮತ್ತು ಸೀ ಟ್ರಯಲ್'. ಕಮಿಷನಿಂಗ್ ಅಂದರೆ ಹಾಕಿದ ಯಂತ್ರವನ್ನು ಹೊಂದಿಸಿ, ಪರೀಕ್ಷಿಸಿ ಕೊಡುವುದು. ಅದಕ್ಕೂ ಬೇರೆ ದುಡ್ಡು. ಸೀ ಟ್ರಯಲ್ ಅಂದರೆ ಏನು ಅಂತ ನಿಮಗೆ ಗೊತ್ತೇ ಇದೆ. ಬೋಟನ್ನು ಬಯಲು ನೀರಿಗೆ ಒಯ್ದು, ನಿಧಾನಕ್ಕೆ ಸುತ್ತು ಹೊಡೆಸಬೇಕು. ಬೋಟಿನೊಳಗಿನ ಕಬ್ಬಿಣ, ಎಂಜಿನ್, ಸ್ಪೀಕರ್ ಎಲ್ಲ ಸೇರಿ ಕಂಪಾಸನ್ನು ಎಷ್ಟು ಎಳೆಯುತ್ತವೆ ಅನ್ನುವುದನ್ನು ಆಟೋಪೈಲಟ್‌ಗೆ ದಿಕ್ಕು ಹೇಳುವ ಸೆನ್ಸರ್ ಆ ಸುತ್ತಿನಲ್ಲೇ ಕಲಿಯುವುದು. ಅದಿಲ್ಲದೆ ಆಟೋಪೈಲಟ್ ಕೊಟ್ಟರೆ ಅರ್ಧ ಕೆಲಸ ಕೊಟ್ಟ ಹಾಗೆ. ಫೋನ್ ಮಾಡಿ ಕೇಳಿದೆ. 'ಹೌದು, ಹೊರಗೆ ತಗೊಂಡು ಹೋಗಿದ್ದೆವು, ಎಲ್ಲ ಆಗಿದೆ, ಚೆನ್ನಾಗಿ ಓಡುತ್ತಿದೆ' ಅಂದ. ಇದೇ ಮಾತು. ಇದನ್ನು ನೆನಪಿಟ್ಟುಕೊಳ್ಳಿ.

ಮೊದಲ ಸಲ ಮನೆಗೆ ಬಂದ ಗೆಳೆಯನ ಕುಟುಂಬವನ್ನು ಕರೆದುಕೊಂಡು ಹೊರಟೆವು. ಗೆಳೆಯನ ಅಮ್ಮ ಹಾಸನದಿಂದ ಬಂದಿದ್ದರು. ಸೌತಾಂಪ್ಟನ್ ನೀರು ಸಮುದ್ರ ಸೇರುವ ಬಾಯಲ್ಲಿರುವ ಕಾಲ್‌ಶಾಟ್ ದಾಟಿದ ಮೇಲಿನ ಜಾಗ ಎಂಥದ್ದು ಅಂತ ಅಲ್ಲಿ ಓಡಾಡಿದವರಿಗೆ ಗೊತ್ತು. ಒಂದು ಕಡೆ ಬ್ರಾಂಬಲ್ ಬ್ಯಾಂಕ್ ಮರಳು ದಿಬ್ಬ, ಇನ್ನೊಂದು ಕಡೆ ದೊಡ್ಡ ಹಡಗುಗಳು ತಿರುಗುವ ಕಾಲುವೆ, ನಡುವೆ ಎದುರಿನ ದ್ವೀಪದ ಕೌಸ್ ಊರಿಗೆ ಹೋಗಿ ಬರುವ ಫೆರಿಗಳು. 150 ಮೀಟರ್‌ಗಿಂತ ಉದ್ದದ ಹಡಗು ಬಂದರೆ ಅದರ ಮುಂದೆ 1000 ಮೀಟರ್, ಎರಡೂ ಪಕ್ಕ 100 ಮೀಟರ್ ಒಳಗೆ ನಮ್ಮಂಥ ಸಣ್ಣ ಬೋಟ್ ಹೋಗುವ ಹಾಗೇ ಇಲ್ಲ. ಅಂಥ ಜಾಗದಲ್ಲಿ, ನೆಟ್ಟಗೆ ಹೋಗುತ್ತಿದ್ದ ಬೋಟ್, ಯಾರೂ ಏನೂ ಮುಟ್ಟದೆ, ಬಲಕ್ಕೆ ತಿರುಗಿಬಿಟ್ಟಿತು. ಸ್ವಲ್ಪ ಅಲ್ಲ, ನೇರವಾಗಿ ಫೆರಿ ಬರುವ ದಾರಿಗೆ. ನಾನು ಚಕ್ರದ ಪಕ್ಕದಲ್ಲೇ ಇದ್ದೆ, ತಕ್ಷಣ ಆಟೋಪೈಲಟ್ ಬಿಡಿಸುವ ಸ್ಟ್ಯಾಂಡ್‌ಬೈ ಗುಂಡಿ ಒತ್ತಿ ಕೈಯಲ್ಲಿ ತಿರುಗಿಸಿದೆ. ಅಷ್ಟರಲ್ಲಿ ಫೆರಿ ಐದು ಸಲ ಸೀಟಿ ಹೊಡೆದಾಗಿತ್ತು. ಐದು ಚಿಕ್ಕ ಸೀಟಿ ಅಂದರೆ 'ನೀನು ಏನು ಮಾಡುತ್ತಿದ್ದೀಯಾ ಅಂತ ಅರ್ಥವಾಗುತ್ತಿಲ್ಲ' ಅಂತ. ಅಮ್ಮ ಸರಳು ಹಿಡಿದುಕೊಂಡು 'ಏನಪ್ಪಾ, ಇದು ತಾನಾಗೇ ತಿರುಗುತ್ತಲ್ಲ?' ಅಂತ ಕೇಳಿದರು. ಏನು ಹೇಳಲಿ? ಹೊಸದು ಹಾಕಿಸಿದ್ದೀನಿ ಅಂತ ಬೆಳಿಗ್ಗೆ ನಾನೇ ತೋರಿಸಿದ್ದೆ. ಸುತ್ತಲಿನ ಬೋಟಿನವರೆಲ್ಲ ನಮ್ಮನ್ನೇ ನೋಡುತ್ತಿದ್ದರು.

ಆಮೇಲೆ ಐದು ನಿಮಿಷ ಸರಿ ಇತ್ತು. ಮತ್ತೆ ತಿರುಗಿತು. ಮತ್ತೆ ಸರಿ. ಇದೇ ಹುಚ್ಚು ಹಿಡಿಸಿದ್ದು. ಯಾವಾಗಲೂ ಕೆಟ್ಟಿದ್ದರೆ ಕೆಟ್ಟಿದೆ ಅನ್ನಬಹುದು.

ಅಂಗಡಿಯವನ ಉತ್ತರಗಳನ್ನು ಹಾಗೆಯೇ ಬರೆಯುತ್ತೇನೆ, ನಿಮಗೂ ಇವೇ ಬರುತ್ತವೆ. ಮೊದಲು, 'ಸೋಲೆಂಟ್‌ನಲ್ಲಿ ಸೆಳೆತ ಜಾಸ್ತಿ, ಎಲ್ಲರಿಗೂ ಹೀಗೆ ಆಗುತ್ತೆ'. ಸೋಲೆಂಟ್ ಅಂದರೆ ನಾವಿದ್ದ ಆ ಜಲಸಂಧಿ. ಸುಳ್ಳು. ಸೆಳೆತ ಇಡೀ ಬೋಟನ್ನು ಪಕ್ಕಕ್ಕೆ ಒಯ್ಯುತ್ತದೆ, ಮೂತಿಯನ್ನು ಹಿಡಿದು ಹೀಗೆ ಥಟ್ಟನೆ ತಿರುಗಿಸಲ್ಲ. ಆಮೇಲೆ, 'ನೀವು ಹಾಯಿ ಜಾಸ್ತಿ ಬಿಟ್ಟಿರುತ್ತೀರಿ'. ಹಾಯಿ ಜಾಸ್ತಿ ಆದರೆ ಬೋಟ್ ಗಾಳಿ ಕಡೆ ಎಳೆಯುವುದು ನಿಜ, ಆಟೋಪೈಲಟ್ ಒದ್ದಾಡುವುದೂ ನಿಜ. ಆದರೆ ಅವತ್ತು ನಾವು ಎಂಜಿನ್‌ನಲ್ಲಿ ಹೋಗುತ್ತಿದ್ದೆವು, ಹಾಯಿ ಬಿಚ್ಚಿಯೇ ಇರಲಿಲ್ಲ! ಅದನ್ನು ಹೇಳಿದ ಮೇಲೆ 'ಗೈನ್ ಕಡಿಮೆ ಮಾಡಿ ನೋಡಿ', ಅಂದರೆ ಯಂತ್ರ ಚುಕ್ಕಾಣಿಯನ್ನು ಎಷ್ಟು ಜೋರಾಗಿ ತಿರುಗಿಸಬೇಕು ಅನ್ನುವ ಸೆಟ್ಟಿಂಗ್. ನೋಡಿದೆ. 'ಸಾಫ್ಟ್‌ವೇರ್ ಅಪ್‌ಡೇಟ್ ಮಾಡಿ'. ಮಾಡಿದೆ. ಕೊನೆಗೆ, 'ಹಾಗಾದರೆ ಸೆನ್ಸರ್ ಹೋಗಿರಬಹುದು, ಹೊಸದಕ್ಕೆ ಕೊಟೇಶನ್ ಕಳಿಸುತ್ತೇನೆ'. ತಾನೇ ಮಾರಿದ ಹೊಸ ಸೆನ್ಸರ್ ಬದಲಿಸೋಕೆ ನನ್ನ ಹತ್ತಿರವೇ ಮತ್ತೆ ದುಡ್ಡು!

ಅವತ್ತೇ ತೀರ್ಮಾನಿಸಿದೆ, ಇನ್ನು ಇವನನ್ನು ಕೇಳಿ ಪ್ರಯೋಜನ ಇಲ್ಲ ಅಂತ. ಬೋಟ್ ಕಟ್ಟಿದ ಜಾಗದಲ್ಲೇ ಕೂತು ಹುಡುಕಿದೆವು. ಸೆನ್ಸರನ್ನು ಒಳಗೆ ಸೀಟಿನ ಕೆಳಗಿನ ಪೆಟ್ಟಿಗೆಯಲ್ಲಿ ತಿರುಪು ಹಾಕಿ ಕೂರಿಸಿದ್ದ. ಪಕ್ಕದಲ್ಲಿ, ನಾಲ್ಕು ಬೆರಳಷ್ಟು ದೂರದಲ್ಲಿ, ಒಂದು ದಪ್ಪ ಕೆಂಪು ವೈರ್. ಕೈಯಲ್ಲಿ ಹಿಡಿಯುವ ಕಂಪಾಸನ್ನು ಸೆನ್ಸರ್ ಪಕ್ಕ ಇಟ್ಟೆ. ಹೆಂಡತಿ ಸ್ವಿಚ್ ಬೋರ್ಡ್ ಹತ್ತಿರ ನಿಂತು ಒಂದೊಂದೇ ಸ್ವಿಚ್ ಹಾಕುತ್ತಾ ಬಂದಳು. ದೀಪ, ಏನೂ ಇಲ್ಲ. ನೀರಿನ ಪಂಪ್, ಏನೂ ಇಲ್ಲ. ಫ್ರಿಜ್. ಕಂಪ್ರೆಸರ್ ಗುರ್ ಅಂದಿತು, ಮುಳ್ಳು 40 ಡಿಗ್ರಿ ತಿರುಗಿ ನಿಂತಿತು. ಆರಿಸಿದಳು, ವಾಪಸ್ ಬಂತು. ಮತ್ತೆ ಹಾಕಿದಳು, ಮತ್ತೆ ತಿರುಗಿತು. ಇಬ್ಬರೂ ಮುಖ ಮುಖ ನೋಡಿಕೊಂಡೆವು.

ಕರೆಂಟ್ ಹರಿಯುವ ವೈರ್ ಸುತ್ತ ಕಾಂತಕ್ಷೇತ್ರ ಇರುತ್ತದೆ, ಶಾಲೆಯಲ್ಲೇ ಓದಿದ್ದು. ಹೋಗುವ ವೈರ್, ಬರುವ ವೈರ್ ಒಟ್ಟಿಗೆ ಹೆಣೆದಿದ್ದರೆ ಒಂದನ್ನೊಂದು ಬಹುಪಾಲು ಅಳಿಸಿಹಾಕುತ್ತವೆ. ಇಲ್ಲಿ ಕೆಂಪು ಒಂದು ಕಡೆ, ಕಪ್ಪು ಇನ್ನೊಂದು ಕಡೆ. ಕಂಪ್ರೆಸರ್ ತಾನಾಗೇ ಶುರುವಾಗುತ್ತದೆ, ತಾನಾಗೇ ನಿಲ್ಲುತ್ತದೆ, ಅದರ ಜೊತೆ ಬೋಟೂ ತಿರುಗುತ್ತದೆ. ಯಂತ್ರ ಪಾಪ ತನಗೆ ಕಂಡ ಉತ್ತರ ದಿಕ್ಕನ್ನು ಸರಿಯಾಗೇ ಹಿಡಿಯುತ್ತಿತ್ತು. ಸೆನ್ಸರನ್ನು ಒಂದು ಮೀಟರ್ ಆಚೆ ಸರಿಸಿ, ವೈರ್ ಹೆಣೆದು ಕಟ್ಟಿದೆವು. ಮುಗಿಯಿತು. ಅಷ್ಟೇ ಕೆಲಸ.

ಆದರೆ ಒಂದು ಪ್ರಶ್ನೆ ಕೊರೆಯತೊಡಗಿತು. ಇವರು ನಿಜವಾಗಿ ಹೊರಗೆ ಹೋಗಿದ್ದರೆ ಇದು ಕಣ್ಣಿಗೆ ಬೀಳದೆ ಹೇಗೆ ಇತ್ತು? ಡಿಸ್‌ಪ್ಲೇ ಮೆನುವಿನಲ್ಲಿ ಕಂಪಾಸ್ ಪುಟ ತೆಗೆದೆ. ಡಿವಿಯೇಷನ್, ಅಂದರೆ ಕಂಪಾಸ್ ಎಷ್ಟು ತಪ್ಪು ತೋರಿಸುತ್ತದೆ ಅನ್ನುವ ಕಡೆ ಬರೀ ಗೆರೆ, ಅಂಕಿಯೇ ಇಲ್ಲ. ಸುತ್ತು ಹೊಡೆಸಿದ್ದರೆ ಅಲ್ಲಿ ಡಿಗ್ರಿ ಬಂದಿರುತ್ತಿತ್ತು. ಲಾಗ್‌ಬುಕ್ ತೆಗೆದೆ. ಬೋಟ್ ಕೊಡುವ ದಿನ ಎಂಜಿನ್ ಎಷ್ಟು ಗಂಟೆ ಓಡಿದೆ ಅಂತ ಬರೆದಿಟ್ಟಿದ್ದೆ, ಅದು ನನ್ನ ಅಭ್ಯಾಸ. ವಾಪಸ್ ತಗೊಂಡ ದಿನವೂ ಬರೆದಿದ್ದೆ. ಎರಡೂ ಒಂದೇ. ಪಾಯಿಂಟ್ ಆದಮೇಲಿನ ಅಂಕಿಯೂ ಒಂದೇ. ಬೋಟ್ ಆಚೆ ಹೋಗೇ ಇಲ್ಲ! ಎಂಜಿನ್ನೇ ಶುರು ಮಾಡಿಲ್ಲ! ಆ ಎರಡು ಸಾಲುಗಳ ಮೇಲೆ ಬೆರಳಿಟ್ಟುಕೊಂಡು ಕೂತಿದ್ದೆ, ಮೈಯೆಲ್ಲ ಉರಿಯಿತು. 'ಹೊರಗೆ ತಗೊಂಡು ಹೋಗಿದ್ದೆವು' ಅಂತ ಎಷ್ಟು ಸಲೀಸಾಗಿ ಹೇಳಿದ್ದ!

ಎರಡೂ ಪುಟದ ಫೋಟೋ ಕಳಿಸಿದೆ. ಉತ್ತರ ಬಂತು: 'ಸೀ ಟ್ರಯಲ್ ಅನ್ನುವುದು ಬಿಲ್‌ನಲ್ಲಿ ಬಳಸುವ ಸಾಮಾನ್ಯ ಪದ, ಬರ್ತ್‌ನಲ್ಲಿ ಮಾಡುವ ಪರೀಕ್ಷೆಯೂ ಅದರಲ್ಲಿ ಬರುತ್ತದೆ.' ಬರ್ತ್ ಅಂದರೆ ಬೋಟ್ ಕಟ್ಟುವ ಜಾಗ. ಸೀ ಟ್ರಯಲ್, ಕಟ್ಟಿದ ಬೋಟಿನಲ್ಲಿ! ಇನ್ನೊಂದು ಸಾಲು ಬೇರೆ: 'ಫ್ರಿಜ್ ವೈರಿಂಗ್ ನಾವು ಮಾಡಿದ್ದಲ್ಲ.' ಅಯ್ಯಾ, ವೈರ್ ನೀನು ಎಳೆದಿಲ್ಲ, ಅದರ ಪಕ್ಕ ಸೆನ್ಸರ್ ಕೂರಿಸಿದವನು ನೀನೇ ಅಲ್ವಾ? ಆಮೇಲೆ ಅಂಗಡಿಯಲ್ಲೇ ಖರ್ಚು ಮಾಡಬಹುದಾದ ಕ್ರೆಡಿಟ್ ಕೊಡುತ್ತೇನೆ ಅಂದ. ಬೇಡ ಅಂದೆ.

ನಿಮಗೆ ಹೇಳುವುದು ಇಷ್ಟು. ಬೋಟ್ ಯಾರ ಕೈಗೇ ಕೊಡಿ, ಎಂಜಿನ್ ಗಂಟೆಯ ಫೋಟೋ ತೆಗೆದಿಡಿ. ಸೀ ಟ್ರಯಲ್‌ಗೆ ನೀವೂ ಬೋಟಿನಲ್ಲಿ ಇರುತ್ತೇನೆ ಅಂತ ಕೊಟೇಶನ್‌ನಲ್ಲೇ ಬರೆಸಿ, ಡಿವಿಯೇಷನ್ ಅಂಕಿ ನೋಡದೆ ಕೊನೆಯ ಕಂತು ಕೊಡಬೇಡಿ. ಸೆನ್ಸರ್ ಎಲ್ಲಿ ಹಾಕುತ್ತಾರೆ ಅಂತ ಮೊದಲೇ ಕೇಳಿ, ಆ ಜಾಗದಲ್ಲಿ ಕೈ ಕಂಪಾಸ್ ಹಿಡಿದು ಫ್ರಿಜ್, ಪಂಪ್, ಲಂಗರಿನ ಮೋಟರ್ ಎಲ್ಲ ಹಾಕಿ ನೋಡಿ. ಸೆನ್ಸರ್ ಇರುವ ಪೆಟ್ಟಿಗೆಯಲ್ಲಿ ತಗಡಿನ ಡಬ್ಬಿ ಸಾಮಾನು, ಸ್ಪೀಕರ್ ಇಡಲೇಬೇಡಿ. ದುಡ್ಡನ್ನು ಕ್ರೆಡಿಟ್ ಕಾರ್ಡ್‌ನಲ್ಲೇ ಕೊಡಿ. 100 ಪೌಂಡ್‌ಗಿಂತ ಹೆಚ್ಚು, 30,000 ಪೌಂಡ್ ಒಳಗಿನ ಬೆಲೆಯಾದರೆ 1974ರ ಕನ್ಸ್ಯೂಮರ್ ಕ್ರೆಡಿಟ್ ಕಾಯ್ದೆಯ ಸೆಕ್ಷನ್ 75ರ ಪ್ರಕಾರ ಕಾರ್ಡ್ ಕಂಪನಿಯೂ ಜವಾಬ್ದಾರಿ. ಕೆಲಸ ಸರಿಯಾಗಿ, ಎಚ್ಚರದಿಂದ ಮಾಡಿಕೊಡಬೇಕು ಅಂತ 2015ರ ಕನ್ಸ್ಯೂಮರ್ ರೈಟ್ಸ್ ಕಾಯ್ದೆ ಹೇಳುತ್ತದೆ, ನಿಮ್ಮ ಪತ್ರದಲ್ಲಿ ಅದರ ಹೆಸರು ಬರೆಯಿರಿ.

ನನ್ನ ಕಾಗದಗಳೆಲ್ಲ ಈಗ ಕಾರ್ಡ್ ಕಂಪನಿ ಹತ್ತಿರ ಇವೆ. ಅದು ಮುಗಿಯುವವರೆಗೆ ಅಂಗಡಿಯ ಹೆಸರು ಹಾಕುವುದಿಲ್ಲ, ಕೇಳಬೇಡಿ. ನಿಮಗೂ 'ಸಾಮಾನ್ಯ ಪದ' ಅನ್ನುವ ಇದೇ ಉತ್ತರ ಯಾರಿಂದಾದರೂ ಬಂದಿದ್ದರೆ ಆ ಮೇಲ್ ಅಳಿಸಬೇಡಿ, ನನಗೆ ತಿಳಿಸಿ.