ನಾಲ್ಕು ಗೇಮಾ, ಒಂದೇ ಗೇಮಾ? ನನ್ನ ಓಟು ಒಂದಕ್ಕೇ

ಮೊದಲೇ ಹೇಳಿಬಿಡುತ್ತೇನೆ, ನಾನು ಒಂದೇ ಗೇಮಿನ ಪಾರ್ಟಿ. ಈ ಸೀಸನ್‌ನಲ್ಲಿ ಬಿಜಿಎಂಐ (ಬ್ಯಾಟಲ್‌ಗ್ರೌಂಡ್ಸ್ ಮೊಬೈಲ್ ಇಂಡಿಯಾ, ಫೋನಿನಲ್ಲಿ ಆಡುವ ಗನ್ ಗೇಮ್) ರಾಯಲ್ ಪಾಸ್ ಒಂದನ್ನೇ ಕೊಂಡೆ. ಪಾಸ್ ಅಂದರೆ ದುಡ್ಡು ಕೊಟ್ಟು ಕೊಂಡು, ಆಡುತ್ತಾ ಹೋದ ಹಾಗೆ ಒಂದೊಂದೇ ಬಹುಮಾನ ಪಡೆಯುವ ಟಿಕೆಟ್. ಸೀಸನ್ ಮುಗಿಯುವ ಮೊದಲೇ ಪಾಸ್ ಪೂರ್ತಿ ಆಯಿತು, ಹಾಕಿದ ಯುಸಿಯಲ್ಲಿ (ಗೇಮಿನೊಳಗಿನ ದುಡ್ಡು) ಒಂದಷ್ಟು ವಾಪಸ್ಸೂ ಬಂತು. ಅದಕ್ಕೂ ಮುಂಚೆ ಕೆಲವು ತಿಂಗಳು ಬಿಜಿಎಂಐ ಜೊತೆಗೆ ಇನ್ನೊಂದು ಗನ್ ಗೇಮ್ ಫ್ರೀ ಫೈರ್ ಮ್ಯಾಕ್ಸ್‌ನ ಬೂಯಾ ಪಾಸ್, ಹಳ್ಳಿ ಕಟ್ಟಿ ದಾಳಿ ಮಾಡುವ ಕ್ಲಾಶ್ ಆಫ್ ಕ್ಲಾನ್ಸ್‌ನ ಗೋಲ್ಡ್ ಪಾಸ್ ಎಲ್ಲ ಒಟ್ಟಿಗೆ ನಡೆಯುತ್ತಿದ್ದವು. ಭಾನುವಾರ ಬಂದರೆ ಚಿಕ್ಕಪ್ಪನ ಮಗನ ಕಂಪ್ಯೂಟರಿನಲ್ಲಿ ವ್ಯಾಲೊರಂಟ್ ಬೇರೆ. ಆಗ ಒಂದು ಪಾಸೂ ಕೊನೆ ಮುಟ್ಟಲಿಲ್ಲ.

ಯಾವುದರ ಗ್ರಾಫಿಕ್ಸ್ ಚೆಂದ, ಯಾವ ಫೋನಿನಲ್ಲಿ ಎಷ್ಟು ಎಫ್‌ಪಿಎಸ್ (ಸೆಕೆಂಡಿಗೆ ಎಷ್ಟು ಚಿತ್ರ) ಸಿಗುತ್ತೆ ಅನ್ನುವುದಕ್ಕೆ ನಾನು ಕೈ ಹಾಕುವುದಿಲ್ಲ. ಯೂಟ್ಯೂಬಿನಲ್ಲಿ ಅದಕ್ಕೇ ಅಂತ ಜನ ಇದ್ದಾರೆ. ನನ್ನ ಲೆಕ್ಕ ಬೇರೆ. ಅಂಗಡಿ ಬಾಗಿಲು ಹಾಕಿ, ಊಟ ಮುಗಿಸಿ ಕೂರುವಷ್ಟರಲ್ಲಿ ರಾತ್ರಿ ಒಂಬತ್ತೂವರೆ. ಹನ್ನೊಂದೂವರೆಗೆ ಮಲಗದಿದ್ದರೆ ಬೆಳಿಗ್ಗೆ ಏಳುವುದು ಕಷ್ಟ. ಇರುವುದು ಎರಡು ಗಂಟೆ. ಆ ಎರಡು ಗಂಟೆಯಲ್ಲಿ ಯಾವ ದಾರಿ ಜಾಸ್ತಿ ಖುಷಿ ಕೊಡುತ್ತದೆ ಅನ್ನುವುದಷ್ಟೇ ಇಲ್ಲಿನ ಪ್ರಶ್ನೆ.

ಹಲವು ಗೇಮ್ ಆಡುವುದರಲ್ಲಿ ನನ್ನನ್ನು ತಲೆ ಕೆಡಿಸಿದ್ದು ಸಮಯವೂ ಅಲ್ಲ, ದುಡ್ಡೂ ಅಲ್ಲ. ಬೆರಳು. ಇದನ್ನು ಯಾರೂ ಸರಿಯಾಗಿ ಹೇಳುವುದಿಲ್ಲ, ಅದಕ್ಕೇ ಸ್ವಲ್ಪ ಉದ್ದಕ್ಕೆ ಹೇಳುತ್ತೇನೆ.

ಬಿಜಿಎಂಐನಲ್ಲಿ ಎಂ416 ರೈಫಲ್ ಹಿಡಿದು ಸ್ಪ್ರೇ ಮಾಡಿದರೆ, ಅಂದರೆ ಬಿಡದೆ ಗುಂಡು ಹಾರಿಸಿದರೆ, ಗನ್ ಮೂತಿ ಮೇಲಕ್ಕೆ ಹಾರುತ್ತದೆ. ಅದನ್ನು ಹಿಡಿದಿಡಲು ಹೆಬ್ಬೆರಳನ್ನು ಕೆಳಕ್ಕೆ ಎಳೆಯಬೇಕು. ಗೈರೋ (ಫೋನ್ ಅಲುಗಿಸಿ ಗುರಿ ಇಡುವ ಸೆಟ್ಟಿಂಗ್) ಆನ್ ಇಟ್ಟುಕೊಂಡವರು ಫೋನನ್ನೇ ಸ್ವಲ್ಪ ಬಗ್ಗಿಸುತ್ತಾರೆ. ಗನ್ನಿಗೆ ಹಾಕುವ ಸ್ಕೋಪ್‌ಗಳಲ್ಲಿ ರೆಡ್ ಡಾಟ್‌ಗೆ ಒಂದು ಸೆನ್ಸಿಟಿವಿಟಿ, 3ಎಕ್ಸ್‌ಗೆ ಒಂದು, 6ಎಕ್ಸ್‌ಗೆ ಇನ್ನೊಂದು. ಇಷ್ಟು ಕೈಗೆ ಕೂರಬೇಕಾದರೆ ಟ್ರೈನಿಂಗ್ ಗ್ರೌಂಡಿನಲ್ಲಿ ಗೋಡೆಗೆ ಗುಂಡು ಹೊಡೆದುಕೊಂಡು ಎಷ್ಟೋ ರಾತ್ರಿ ಕಳೆಯಬೇಕು. ಫ್ರೀ ಫೈರ್ ಮ್ಯಾಕ್ಸ್‌ಗೆ ಹೋದರೆ ಇದು ತಿರುಗುಮುರುಗು. ಅಲ್ಲಿ ಹೆಡ್‌ಶಾಟ್ ಬೇಕು ಅಂದರೆ ಫೈರ್ ಬಟನ್ನನ್ನು ಮೇಲಕ್ಕೆ ಎಳೆಯಬೇಕು. ಹುಡುಗರು ಅದನ್ನು ಡ್ರ್ಯಾಗ್ ಹೆಡ್‌ಶಾಟ್ ಅನ್ನುತ್ತಾರೆ. ಒಂದರಲ್ಲಿ ಕೆಳಕ್ಕೆ, ಇನ್ನೊಂದರಲ್ಲಿ ಮೇಲಕ್ಕೆ, ಬೆರಳು ಮಾತ್ರ ಅದೇ. ಹಳೇ ಬುಲೆಟ್‌ನಲ್ಲಿ ಗೇರ್ ಬಲಗಾಲಿಗೆ, ಬ್ರೇಕ್ ಎಡಗಾಲಿಗೆ ಇರುತ್ತಿತ್ತಲ್ಲ, ಅದನ್ನು ಓಡಿಸಿ ಇಳಿದು ನೇರವಾಗಿ ಈಗಿನ ಬೈಕ್ ಹತ್ತಿದವರಿಗೆ ಈ ಕಷ್ಟ ಚೆನ್ನಾಗಿ ಗೊತ್ತು.

ಇನ್ನು ಗ್ಲೂ ವಾಲ್. ಫ್ರೀ ಫೈರ್‌ನಲ್ಲಿ ಬಯಲಿನಲ್ಲಿ ಯಾರಾದರೂ ಗುಂಡು ಹಾರಿಸಿದರೆ ಎದುರಿಗೆ ಪಟ್ ಅಂತ ಒಂದು ಗೋಡೆ ಎಬ್ಬಿಸಬಹುದು. ಕೈ ಪಳಗಿದವರು ಕಣ್ಣು ಮಿಟುಕಿಸುವುದರೊಳಗೆ ಎಬ್ಬಿಸಿಬಿಡುತ್ತಾರೆ. ಬಿಜಿಎಂಐನ ಮಾಮೂಲಿ ಮ್ಯಾಚಿನಲ್ಲಿ ಆ ಭಾಗ್ಯ ಇಲ್ಲ. ಅಲ್ಲಿ ಸ್ಮೋಕ್ ಎಸೆಯಬೇಕು, ಅದು ಹೊಗೆ ಬಿಡುವ ತನಕ ಕಾಯಬೇಕು, ಅಷ್ಟರಲ್ಲಿ ನೆಲಕ್ಕೆ ಅಂಟಿಕೊಳ್ಳಬೇಕು. ಒಂದು ವಾರ ಫ್ರೀ ಫೈರ್ ಜಾಸ್ತಿ ಆಡಿ ವಾಪಸ್ ಬಿಜಿಎಂಐನ ಎರಾಂಗಲ್ ಮ್ಯಾಪಿಗೆ ಬಂದಾಗ, ಅಲ್ಲಿನ ಪೊಚಿಂಕಿ ಊರಿನ ಪಕ್ಕದ ಹೊಲದಲ್ಲಿ ಗುಂಡು ಬಿದ್ದ ಕೂಡಲೇ ನನ್ನ ಬೆರಳು ಹೋಗಿದ್ದು ಇಲ್ಲದ ಗೋಡೆಯ ಬಟನ್ ಹುಡುಕಿಕೊಂಡು. ನಾಕ್ ಆದೆ, ಅಂದರೆ ನೆಲಕ್ಕುರುಳಿದೆ. ಜೊತೆಗೆ ಆಡುವ ಸ್ಕ್ವಾಡಿನವರು ಮೈಕಿನಲ್ಲಿ, “ಏನಣ್ಣ, ನಿದ್ದೆ ಬಂತಾ?” ಅಂದರು.

ವ್ಯಾಲೊರಂಟ್ ಕಂಪ್ಯೂಟರ್ ಗೇಮ್, ಅಲ್ಲಿ ಹೆಬ್ಬೆರಳಿಗೆ ಕೆಲಸ ಇಲ್ಲ, ಮೌಸ್ ಇರುತ್ತದೆ. ಹಾಗಾಗಿ ಗೊಂದಲ ಆಗಲಾರದು ಅಂದುಕೊಂಡಿದ್ದೆ. ಅಲ್ಲಿ ಕೆಡುವುದು ತಲೆ. ಬಿಜಿಎಂಐನಲ್ಲಿ ಗುಂಡು ಹೋಗಿ ಮುಟ್ಟಲು ಸಮಯ ತೆಗೆದುಕೊಳ್ಳುತ್ತದೆ, ದೂರ ಜಾಸ್ತಿಯಾದಷ್ಟೂ ಕೆಳಕ್ಕೆ ಬೀಳುತ್ತದೆ. ಓಡುವವನನ್ನು ಹೊಡೆಯಬೇಕಾದರೆ ಅವನಿಗಿಂತ ಮುಂದಕ್ಕೆ ಗುರಿ ಇಡಬೇಕು. ವ್ಯಾಲೊರಂಟ್‌ನಲ್ಲಿ ಕ್ಲಿಕ್ ಮಾಡಿದ ಕ್ಷಣವೇ ಗುಂಡು ತಾಗುತ್ತದೆ, ಮುಂದಕ್ಕೆ ಗುರಿ ಇಟ್ಟರೆ ಅದು ಗೋಡೆಗೇ. ಜೊತೆಗೆ ಓಡುತ್ತಾ ಗುಂಡು ಹಾರಿಸಿದರೆ ಅದು ಎಲ್ಲೆಲ್ಲಿಗೋ ಹೋಗುತ್ತದೆ, ನಿಂತು ಹೊಡೆಯಬೇಕು. ಬಿಜಿಎಂಐನಲ್ಲಿ ಹತ್ತಿರದ ಜಗಳದಲ್ಲಿ ನಿಂತೆ ಅಂದರೆ ಕಥೆ ಮುಗೀತು. ಭಾನುವಾರ ನಿಲ್ಲುವುದನ್ನು ಕಲಿತು ಸೋಮವಾರ ನಿಂತು ಸಾಯುವುದು ನನ್ನ ಪದ್ಧತಿಯೇ ಆಗಿಬಿಟ್ಟಿತ್ತು.

ಮೂರನ್ನೂ ಚೆನ್ನಾಗಿ ಆಡುವವರು ಇಲ್ಲವೇ ಅಂದರೆ, ಇದ್ದಾರೆ. ದಿನಕ್ಕೆ ಆರೇಳು ಗಂಟೆ ಸಿಗುವವರು. ಕೈ ಬದಲಾಯಿಸಿಕೊಳ್ಳಲು ಪ್ರತಿ ಸಲ ಅರ್ಧ ಗಂಟೆ ಬೇಕು. ಅವರಿಗೆ ಆ ಅರ್ಧ ಗಂಟೆ ಲೆಕ್ಕಕ್ಕೇ ಇಲ್ಲ, ನನಗೆ ಅದು ರಾತ್ರಿಯ ಕಾಲು ಭಾಗ. ಹಲವು ಗೇಮ್ ನಡೆಯುತ್ತಿದ್ದಾಗ ನನ್ನ ರ್‍ಯಾಂಕ್ ಪ್ಲಾಟಿನಂ ದಾಟುತ್ತಲೇ ಇರಲಿಲ್ಲ. ಒಂದಕ್ಕೇ ಕೂತ ಮೇಲೆ ಅದಕ್ಕಿಂತ ಮೇಲಿನ ಕ್ರೌನ್ ಮುಟ್ಟಿದೆ. ನನ್ನಲ್ಲಿ ಹೊಸ ಪ್ರತಿಭೆ ಏನೂ ಹುಟ್ಟಲಿಲ್ಲ, ಬೆರಳಿಗೆ ಗೊಂದಲ ತಪ್ಪಿತು ಅಷ್ಟೇ.

ಎರಡನೇ ತಲೆನೋವು ಡೈಲಿ ಮಿಷನ್. ಬೂಯಾ ಪಾಸ್ ತಿಂಗಳಿಗೊಂದು, ಗೋಲ್ಡ್ ಪಾಸ್ ತಿಂಗಳಿಗೊಂದು, ರಾಯಲ್ ಪಾಸ್ ಸುಮಾರು ಎರಡು ತಿಂಗಳಿಗೊಂದು. ಎಲ್ಲವೂ ಇವತ್ತೇ ಬಾ, ಇಷ್ಟು ಮಾಡು ಅನ್ನುತ್ತವೆ. ಒಂದು ಗೇಮಿಗೆ ಇದು ಸಲೀಸು, ಆಡುತ್ತಾ ಆಡುತ್ತಾ ತಾನಾಗಿ ಮುಗಿಯುತ್ತದೆ. ಮೂರಾದರೆ ಹಾಜರಿ ಹಾಕಿ, ಗಿಫ್ಟ್ ಕ್ಲೈಮ್ ಮಾಡಿ, ಕೆಂಪು ಚುಕ್ಕೆ ಒತ್ತಿ ಒತ್ತಿ ಹೊರಗೆ ಬರುವಷ್ಟರಲ್ಲಿ ಹತ್ತೂಕಾಲು. ಆಟ ಆಡಿದ್ದೇ ಇಲ್ಲ, ಸುಮ್ನೆ ಡ್ಯೂಟಿ ಮಾಡಿದ ಹಾಗೆ.

ಅಪ್‌ಡೇಟ್‌ಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. 128 ಜಿಬಿ ಫೋನ್, ಅದರಲ್ಲಿ ಅರ್ಧ ಮನೆಯವರ ಫೋಟೋ ಮತ್ತು ಅಂಗಡಿಯ ವಾಟ್ಸಾಪ್. ದಿನಕ್ಕೆ 1.5 ಜಿಬಿ ಪ್ಯಾಕ್. ಮೂರು ಗೇಮಿನ ಅಪ್‌ಡೇಟ್ ಒಂದೇ ವಾರ ಬಂದರೆ ಏನಾಗುತ್ತೆ ಅಂತ ನೀವೇ ಊಹಿಸಿ.

ಈಗ ಎದುರು ಪಕ್ಷದ ಮಾತು. ಒಂದೇ ಗೇಮ್ ನಂಬಿ ಕೂತರೆ ಅದೇ ಹೋದಾಗ ಏನು ಗತಿ? ಇದು ಬಾಯಿಮಾತಿನ ಭಯ ಅಲ್ಲ, ನಮ್ಮ ದೇಶದಲ್ಲಿ ಈ ಆಟಕ್ಕೇ ಎರಡು ಸಲ ಆಗಿದೆ. 2020ರ ಸೆಪ್ಟೆಂಬರ್ 2ರಂದು ಸರ್ಕಾರ 118 ಆ್ಯಪ್‌ಗಳನ್ನು ಬ್ಯಾನ್ ಮಾಡಿದಾಗ ಪಬ್‌ಜಿ ಮೊಬೈಲ್ ಹೋಯಿತು. 2021ರ ಜುಲೈನಲ್ಲಿ ಅದೇ ಆಟ ಬಿಜಿಎಂಐ ಅಂತ ಹೊಸ ಹೆಸರಲ್ಲಿ ಬಂತು. ಒಂದು ವರ್ಷ ಆಯಿತೋ ಇಲ್ಲವೋ, 2022ರ ಜುಲೈ 28ರಂದು ಪ್ಲೇ ಸ್ಟೋರ್, ಆ್ಯಪ್ ಸ್ಟೋರ್ ಎರಡರಿಂದಲೂ ಮಾಯ. ಆಗಲೇ ಹಾಕಿಕೊಂಡಿದ್ದವರ ಫೋನಿನಲ್ಲಿ ಆಮೇಲೂ ಓಡುತ್ತಿತ್ತು. ಆದರೆ ಹೊಸ ಫೋನ್ ತೆಗೆದುಕೊಂಡವರಿಗೆ ಸ್ಟೋರಿನಲ್ಲಿ ಸಿಗುತ್ತಿರಲಿಲ್ಲ. ನಮ್ಮ ಸ್ಕ್ವಾಡಿನಲ್ಲಿ ಒಬ್ಬನ ಫೋನ್ ನೀರಿಗೆ ಬಿದ್ದದ್ದೂ ಅದೇ ಸಮಯಕ್ಕೆ. 2023ರ ಮೇ ತಿಂಗಳಲ್ಲಿ ವಾಪಸ್ ಬರುವ ತನಕ ಆ ಪುಣ್ಯಾತ್ಮ ಹೊರಗೇ. ನಾವು ಫ್ರೀ ಫೈರ್ ಮ್ಯಾಕ್ಸ್ ಹಿಡಿದದ್ದು ಅವನಿಗೋಸ್ಕರ. ಹಾಗಂತ ಅದರ ಮನೆಯೂ ಗಟ್ಟಿ ಇರಲಿಲ್ಲ. ಅದರ ಅಣ್ಣ ಫ್ರೀ ಫೈರ್ 2022ರ ಫೆಬ್ರುವರಿಯಲ್ಲೇ ಬ್ಯಾನ್ ಆಗಿತ್ತು, ಮ್ಯಾಕ್ಸ್ ಮಾತ್ರ ಉಳಿದಿತ್ತು.

ಸರ್ಕಾರ ಕೈ ಹಾಕದಿದ್ದರೂ ಕಂಪನಿಯೇ ಬಾಗಿಲು ಹಾಕಬಹುದು. ಏಪೆಕ್ಸ್ ಲೆಜೆಂಡ್ಸ್ ಮೊಬೈಲ್ 2022ರ ಮೇ ತಿಂಗಳಲ್ಲಿ ಬಂತು. ಆ ವರ್ಷ ಆಪಲ್‌ನವರು ಅದನ್ನೇ ಐಫೋನಿನ ವರ್ಷದ ಗೇಮ್ ಅಂತ ಆರಿಸಿದರು. 2023ರ ಮೇ 1ಕ್ಕೆ ಸರ್ವರ್ ಬಂದ್. ಒಂದು ವರ್ಷವೂ ತುಂಬಲಿಲ್ಲ. ಅದರಲ್ಲಿ ಸ್ಕಿನ್ (ಗೇಮಿನೊಳಗಿನ ಬಟ್ಟೆ, ಗನ್ ಅಲಂಕಾರ) ಕೊಂಡವರ ಸ್ಕಿನ್‌ಗಳೂ ಅದರ ಜೊತೆಗೇ ಹೋದವು.

ಹಾಗಾದರೆ ಹಲವು ಗೇಮ್ ಆಡುವವರೇ ಜಾಣರಾ? ನನಗೆ ಹಾಗೆ ಅನ್ನಿಸುವುದಿಲ್ಲ. ಗೇಮ್ ಹೋದಾಗ ನಮಗೆ ಬೇಕಾಗಿದ್ದು ಇನ್ನೊಂದು ಗೇಮ್. ಅದನ್ನು ಅವತ್ತೇ ಹಾಕಿಕೊಂಡರೆ ಆಯಿತು, ಮೊದಲಿನಿಂದಲೇ ನಾಲ್ಕನ್ನು ಸಾಕಿ ಕೂರಬೇಕಾಗಿಲ್ಲ. ಫ್ರೀ ಫೈರ್ ಮ್ಯಾಕ್ಸ್ ಕಲಿಯಲು ನಮಗೆ ಹಿಡಿದದ್ದು ಒಂದೆರಡು ವಾರ. 50 ಜನ, ಹತ್ತು ನಿಮಿಷದ ಮ್ಯಾಚು, ಬೇಗ ಕೈಗೆ ಹತ್ತುತ್ತದೆ. ಉಳಿಸಿಕೊಳ್ಳಬೇಕಾದದ್ದು ನಾಲ್ಕು ಜನರ ಸ್ಕ್ವಾಡ್, ಅದು ಉಳಿದಿತ್ತು. ಪಬ್‌ಜಿ ಹೋದಾಗಲೂ ಹಳೇ ಖಾತೆಯಲ್ಲಿದ್ದುದನ್ನು ಬಿಜಿಎಂಐಗೆ ತಂದುಕೊಳ್ಳಲು ಅವಕಾಶ ಕೊಟ್ಟಿದ್ದರು, ಹಾಗಾಗಿ ಕಾದು ಕೂತವರಿಗೆ ಪೂರ್ತಿ ಲಾಸ್ ಆಗಲಿಲ್ಲ. ಏಪೆಕ್ಸ್‌ನವರಿಗೆ ಆ ಅದೃಷ್ಟ ಇರಲಿಲ್ಲ, ಒಪ್ಪುತ್ತೇನೆ.

ಸ್ಕ್ವಾಡ್ ವಿಷಯ ಬಂತಲ್ಲ. ನಾವು ನಾಲ್ವರೂ ದಾವಣಗೆರೆಯಲ್ಲಿ ಪಿಯುಸಿ ಒಟ್ಟಿಗೆ ಓದಿದವರು. ಈಗ ಒಬ್ಬ ಧಾರವಾಡ, ಒಬ್ಬ ಪೀಣ್ಯ. ಎಲ್ಲರ ಬಿಡುವು ಕೂಡುವುದೇ ರಾತ್ರಿ ಒಂದೂವರೆ ಗಂಟೆ ಹೊತ್ತು ಮಾತ್ರ. ಹಲವು ಗೇಮ್ ಇದ್ದಾಗ ಅದರಲ್ಲಿ ಇಪ್ಪತ್ತು ನಿಮಿಷ ಇವತ್ತು ಯಾವುದು ಅನ್ನುವ ಚರ್ಚೆಗೇ ಹೋಗುತ್ತಿತ್ತು. ಒಬ್ಬನಿಗೆ ಅದು ಬೇಡ, ಇನ್ನೊಬ್ಬನದು ಅಪ್‌ಡೇಟ್ ಆಗಿಲ್ಲ. ಒಂದೇ ಗೇಮ್ ಅಂತ ಆದ ಮೇಲೆ ಲಾಗಿನ್, ಲಾಬಿ, ಸ್ಟಾರ್ಟ್. ಯಾರು ಮುಂದೆ ನುಗ್ಗುತ್ತಾರೆ, ಯಾರು ಹಿಂದೆ ಕೂತು ಸ್ನೈಪರ್ ಹಿಡಿಯುತ್ತಾರೆ ಅನ್ನುವುದನ್ನೂ ಕೇಳಬೇಕಾಗಿಲ್ಲ. “ಎಡಕ್ಕೆ ಇದಾನೆ” ಅಂದರೆ ಸಾಕು, ಯಾರ ಎಡ ಅಂತ ಎಲ್ಲರಿಗೂ ಗೊತ್ತು.

ನಾಲ್ಕನೆಯವನು ಮಸ್ಕತ್‌ಗೆ ಹೋದ. ಬಿಜಿಎಂಐ ಭಾರತದಲ್ಲಿ ಇರುವವರಿಗೆ ಮಾತ್ರ. ಅವನ ಜಾಗಕ್ಕೆ ಧಾರವಾಡದವನ ಭಾವಮೈದ ಬಂದಿದ್ದಾನೆ, ಚೆನ್ನಾಗಿಯೇ ಆಡುತ್ತಾನೆ, ಆದರೆ ಲೂಟ್ (ಆಟದಲ್ಲಿ ಸಿಕ್ಕ ಗನ್ನು, ಗುಂಡು) ಹಂಚಿಕೊಳ್ಳುವುದಿಲ್ಲ. ಮಸ್ಕತ್‌ನವನ ಜೊತೆ ನಂಟು ಉಳಿದಿರುವುದು ಕ್ಲಾಶ್ ಆಫ್ ಕ್ಲಾನ್ಸ್‌ನಿಂದ. ಹಾಗಾಗಿ ನನ್ನ ಒಂದೇ ಗೇಮಿನ ನಿಯಮಕ್ಕೆ ಈ ಒಂದು ವಿನಾಯಿತಿ. ಯಾಕೆ ಇದು ತೊಂದರೆ ಕೊಡುವುದಿಲ್ಲ ಅಂದರೆ, ಬೆರಳಿನ ಜಗಳ ಇಲ್ಲ. ಒಂದು ಅಟ್ಯಾಕ್ ಮೂರು ನಿಮಿಷಕ್ಕೆ ಮುಗಿಯುತ್ತದೆ. ಕ್ಲಾನ್ ವಾರ್ ಅಂದರೆ ಒಂದು ದಿನ ತಯಾರಿ, ಒಂದು ದಿನ ಯುದ್ಧ, ತಲಾ ಎರಡು ಅಟ್ಯಾಕ್. ಟೀ ಕುಡಿಯುವಾಗ ಒಂದು, ಮಧ್ಯಾಹ್ನ ಅಂಗಡಿ ಖಾಲಿ ಇರುವಾಗ ಒಂದು. 2025ರ ಮಾರ್ಚ್‌ನಲ್ಲಿ ಸೈನ್ಯ ತಯಾರಾಗಲು ಕಾಯುವುದನ್ನೂ ತೆಗೆದುಹಾಕಿದರು, ಇನ್ನೂ ಸಲೀಸಾಯಿತು. ಗೋಲ್ಡ್ ಪಾಸ್ ಮಾತ್ರ ಈಗ ಕೊಳ್ಳುವುದಿಲ್ಲ. ನನ್ನ ಹಳ್ಳಿಯ ಟೌನ್ ಹಾಲ್ ನಿಧಾನಕ್ಕೆ ಬೆಳೆಯಲಿ, ಅವಸರ ಏನಿದೆ?

ದುಡ್ಡಿನ ವಿಷಯ ಚಿಕ್ಕದು. ಗೇಮಿಗೆ ನಾನು ಇಟ್ಟುಕೊಂಡಿರುವ ಮಿತಿ ತಿಂಗಳಿಗೆ ಮುನ್ನೂರು ರೂಪಾಯಿ. ಮೂರು ಕಡೆ ಹಂಚಿದರೆ ಎಲ್ಲೂ ಏನೂ ಸಿಗುವುದಿಲ್ಲ, ಒಂದು ಕಡೆ ಹಾಕಿದರೆ ಪಾಸ್ ಸಿಗುತ್ತದೆ, ಸ್ವಲ್ಪ ಮಿಗುತ್ತದೆ ಕೂಡ. 2025ರ ಆಗಸ್ಟ್‌ನಲ್ಲಿ ದುಡ್ಡು ಕಟ್ಟಿ ಆಡುವ ಆನ್‌ಲೈನ್ ಗೇಮ್‌ಗಳನ್ನು ನಿಷೇಧಿಸುವ ಕಾಯ್ದೆ ಬಂದ ಮೇಲೆ ಅಮ್ಮ ಟೀವಿ ನೋಡಿ, “ನೀನು ಆಡೋದೂ ಅದೇನಾ? ಪೊಲೀಸ್ರು ಬರ್ತಾರಾ?” ಅಂತ ಕೇಳಿದ್ದರು. ಇಲ್ಲಮ್ಮ, ಇದರಲ್ಲಿ ಪಣ ಇಲ್ಲ, ಬಟ್ಟೆ ಕೊಳ್ಳೋದು ಅಷ್ಟೇ ಅಂದೆ. “ನಿಜವಾದ ಬಟ್ಟೆ ತಗೋಬಾರದಾ?” ಅಂದರು. ಅದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ.

ಬೇಜಾರಾಗುವುದಿಲ್ಲವಾ? ಆಗುತ್ತದೆ. ಎರಾಂಗಲ್‌ನ ಪ್ರತಿ ಮನೆಯ ಮೆಟ್ಟಿಲೂ ಗೊತ್ತಿರುವಾಗ ಹೊಸತು ಅನ್ನುವುದು ಕಡಿಮೆ. ಆಗ ಮ್ಯಾಪ್ ಬದಲಾಯಿಸುತ್ತೇವೆ, ಚಿಕ್ಕ ಮ್ಯಾಪ್ ಲಿವಿಕ್‌ಗೆ ಹೋಗಿ ಹದಿನೈದು ನಿಮಿಷದಲ್ಲಿ ಗಲಾಟೆ ಮಾಡಿ ಬರುತ್ತೇವೆ. ಅದೂ ಸಾಕಾದರೆ ಫೋನ್ ಕೆಳಗಿಡುತ್ತೇನೆ. ಹಲವು ಗೇಮ್ ಇದ್ದಾಗ ಇದು ಆಗುತ್ತಿರಲಿಲ್ಲ, ಒಂದು ಬೇಜಾರಾದರೆ ಇನ್ನೊಂದು ಕಾದಿರುತ್ತಿತ್ತು.

ಚಿಕ್ಕಪ್ಪನ ಮಗನಿಗೆ ಈ ತೀರ್ಪು ಒಪ್ಪಿಗೆ ಇಲ್ಲ. ಅವನಿಗೆ ಹದಿನೇಳು. ಬಿಜಿಎಂಐ ವಾಪಸ್ ಬಂದಾಗ 18 ತುಂಬದವರಿಗೆ ದಿನಕ್ಕೆ ಮೂರು ಗಂಟೆ ಮಿತಿ ಇಟ್ಟಿತ್ತು. ಅದು ಮುಗಿದ ಕೂಡಲೇ ಫ್ರೀ ಫೈರ್ ಮ್ಯಾಕ್ಸ್‌ಗೆ ಹಾರುತ್ತಾನೆ, ಅಲ್ಲಿಂದ ವ್ಯಾಲೊರಂಟ್‌ಗೆ. ಕೈ ಯಾವತ್ತೂ ತಪ್ಪುವುದಿಲ್ಲ. ಹುಡುಗನ ಬೆರಳು, ಬೇಗ ಒಗ್ಗುತ್ತೆ. ಅಂಥವರಿಗೆ, ರಜೆ ಇರುವವರಿಗೆ, ಯಾವ ಗೇಮ್ ತಮಗೆ ಹಿಡಿಸುತ್ತೆ ಅಂತ ಇನ್ನೂ ಗೊತ್ತಿಲ್ಲದವರಿಗೆ ನಾಲ್ಕೂ ಆಡಿ ನೋಡಿ ಅನ್ನುತ್ತೇನೆ, ಪಾಸ್ ಮಾತ್ರ ಕೊಳ್ಳಬೇಡಿ. ಕೆಲಸ ಮುಗಿಸಿ ಎರಡು ಗಂಟೆ ಸಿಗುವವರು, ಜೊತೆಗೆ ಆಡುವವರು ಮೂರು ಜನ ಖಾಯಂ ಇರುವವರು ಒಂದನ್ನು ಹಿಡಿದುಕೊಳ್ಳಿ. ಅದು ಬಿಜಿಎಂಐ ಆಗಬೇಕು ಅಂತೇನೂ ಇಲ್ಲ, ನಿಮ್ಮ ಮೂವರು ಯಾವುದರಲ್ಲಿ ಇದ್ದಾರೋ ಅದೇ ಸರಿ. ಎರಡನೆಯದು ಬೇಕೇ ಬೇಕು ಅಂದರೆ ಗನ್ ಇಲ್ಲದ್ದನ್ನು ಆರಿಸಿಕೊಳ್ಳಿ.