ಮೂಡಿಗೆರೆ ಹತ್ತಿರದ ಹೋಂಸ್ಟೇ ನಡಿಗೆ: ಗೈಡ್‌ಗೆ ಪೂರ್ತಿ ಅಂಕ, ಗೋಡೆಯ ಚಾರ್ಟ್‌ಗೆ ಇಲ್ಲ

ನಾನು ಹಾಸನದಲ್ಲಿ ಹೈಸ್ಕೂಲ್ ಮಕ್ಕಳಿಗೆ ಜೀವಶಾಸ್ತ್ರ ಹೇಳಿಕೊಡುತ್ತೇನೆ. ಅಕ್ಟೋಬರ್ ರಜೆಯಲ್ಲಿ ಮಗಳ ಜೊತೆ ಮೂಡಿಗೆರೆ ಕಡೆಯ ಒಂದು ಹೋಂಸ್ಟೇಗೆ ಹೋಗಿದ್ದೆ. ಬೆಳಿಗ್ಗೆ ಎರಡು ಗಂಟೆ ತೋಟ, ಕಾಡಂಚು ಸುತ್ತಿಸುತ್ತಾರೆ. ಬರೆಯುತ್ತಿರುವುದು ಆ ನಡಿಗೆ ಬಗ್ಗೆ. ಅಕ್ಕಿರೊಟ್ಟಿ ಚೆನ್ನಾಗಿತ್ತು, ಅಷ್ಟು ಸಾಕು.

ಗೈಡ್ ಅದೇ ಊರಿನ ಹುಡುಗ. ಬೇಲಿ ಪಕ್ಕದ ಈಶ್ವರಿ ಬಳ್ಳಿ ಮುಂದೆ ಕೂತು ಒಂದು ಎಲೆಯನ್ನು ಮೆಲ್ಲಗೆ ತಿರುಗಿಸಿದ. ಅಡಿಯಲ್ಲಿ ಕಿರುಬೆರಳು ಗಾತ್ರದ ಕಡುಗೆಂಪು ಹುಳು, ಮೈತುಂಬ ಮೆತ್ತನೆ ಮುಳ್ಳು. "ಅಕ್ಕಾ, ನಮ್ಮ ರಾಜ್ಯದ ಚಿಟ್ಟೆ ಆಗೋದು ಇದೇ. ಬಳ್ಳಿಯ ವಿಷ ಮೈಗೆ ಸೇರಿರುತ್ತೆ, ಹಕ್ಕಿಗಳು ಮುಟ್ಟಲ್ಲ" ಅಂದ. ಅದು ಸದರನ್ ಬರ್ಡ್‌ವಿಂಗ್. ಹೆಣ್ಣು ಚಿಟ್ಟೆ ರೆಕ್ಕೆ ಬಿಚ್ಚಿದರೆ 19 ಸೆಂಟಿಮೀಟರ್‌ವರೆಗೂ ಇರುತ್ತದೆ. ಕಪ್ಪು, ಹಳದಿ. ಒಂದು ನಮ್ಮ ತಲೆ ಮೇಲೇ ಹಾರಿಹೋಯಿತು.

ಅಷ್ಟರಲ್ಲಿ ಸಿಲ್ವರ್ ಮರದಲ್ಲಿ ಮಂಗಗಳು. ಹುಡುಗ ಕಡ್ಡಿಯಿಂದ ಮಣ್ಣಲ್ಲಿ ಒಂದು ಮರ ಬರೆದ. ಬುಡದಲ್ಲಿ 'ಪ್ರಾಣಿ' ಅಂತ ಬರೆದ, ಚಿಟ್ಟೆ ಮಂಗ ಎರಡೂ ಅದೇ ತಾನೆ. ಒಂದು ಕೊಂಬೆ ಬೆನ್ನುಮೂಳೆ ಇಲ್ಲದ ಸಂಧಿಪದಿ (ಕೀಲುಕಾಲಿನ ಪ್ರಾಣಿ), ಕೀಟ, ಚಿಟ್ಟೆ. ಇನ್ನೊಂದು ಬೆನ್ನುಮೂಳೆ ಇರುವ ಸಸ್ತನಿ, ಪ್ರೈಮೇಟ್ (ಮಂಗ, ಮನುಷ್ಯ ಎಲ್ಲ ಸೇರಿದ ಗುಂಪು), ಮಂಗ. ಆ ಕೊಂಬೆ ತುದಿಯಲ್ಲೇ ಮಗಳ ಹೆಸರನ್ನೂ ಬರೆದ. ನನ್ನ ಕರಿಹಲಗೆಯ ಪಟ್ಟಿಗಿಂತ ಇದು ಎಷ್ಟೋ ಚೆನ್ನಾಗಿ ಮನಸ್ಸಿಗೆ ಇಳಿಯಿತು.

ಆಮೇಲೆ ಕೇಳಿದ, ಯಾವುದಕ್ಕೆ ಅಪಾಯ ಜಾಸ್ತಿ? ಎಲ್ಲರೂ ಚಿಟ್ಟೆ ಅಂದೆವು. ಅಲ್ಲ. ಯಾವ ಜೀವಿಗೆ ಅಳಿವಿನ ಅಪಾಯ ಎಷ್ಟು ಅಂತ ಹೇಳುವ ಅಂತರರಾಷ್ಟ್ರೀಯ ಸಂಸ್ಥೆ ಐಯುಸಿಎನ್‌ನ ಕೆಂಪು ಪಟ್ಟಿಯಲ್ಲಿ ಈ ಚಿಟ್ಟೆ 'ಲೀಸ್ಟ್ ಕನ್ಸರ್ನ್', ಅಂದರೆ ಸದ್ಯಕ್ಕೆ ಚಿಂತೆಯಿಲ್ಲ. ನಾವು ದಿನಾ ಓಡಿಸುವ ಮಾಮೂಲಿ ಮಂಗ, ಬಾನೆಟ್ ಮಕಾಕ್, 'ವಲ್ನರಬಲ್', ಅಂದರೆ ಅಳಿವಿನ ಅಪಾಯದಲ್ಲಿದೆ. ಅದು ದಕ್ಷಿಣ ಭಾರತ ಬಿಟ್ಟರೆ ಜಗತ್ತಿನಲ್ಲಿ ಬೇರೆಲ್ಲೂ ಇಲ್ಲ. ರಸ್ತೆ ಅಗಲಕ್ಕೆ ಸಾಲುಮರ ಹೋದವು, ಉತ್ತರದ ರೀಸಸ್ ಮಂಗಗಳು ಇದರ ಜಾಗಕ್ಕೆ ಬರುತ್ತಿವೆ. ನಮ್ಮಪ್ಪ ಬಾಳೆಗೊನೆ ಉಳಿಸಿಕೊಳ್ಳಲು ಕವಣೆ ಹಿಡಿದು ನಿಲ್ಲುತ್ತಿದ್ದದ್ದು ನೆನಪಾಗಿ ಸಂಕಟವಾಯಿತು.

ಬೇಸರ ಎರಡು. ಊಟದ ಹಾಲ್‌ನ ಚಾರ್ಟ್‌ನಲ್ಲಿ ಮಂಗಕ್ಕೆ ಇನ್ನೂ 2008ರ 'ಲೀಸ್ಟ್ ಕನ್ಸರ್ನ್' ಅಂತಲೇ ಇದೆ. ಮಕ್ಕಳು ಅದನ್ನೇ ಬರೆದುಕೊಳ್ಳುತ್ತಾರೆ, ಅಲ್ವಾ? ಹೇಳಿ ಬಂದಿದ್ದೇನೆ. ಇನ್ನೊಂದು, ಒಂದೇ ತಂಡಕ್ಕೆ ಹದಿನಾರು ಜನ. ಹಿಂದೆ ನಿಂತವರಿಗೆ ಏನೂ ಕೇಳಿಸಲಿಲ್ಲ.

ಹೋಗುವವರು ಮುಂದೆಯೇ ನಿಲ್ಲಿ. ಇಂಬಳ ಜಾಸ್ತಿ, ಸುಣ್ಣ ನಶ್ಯ ಇಟ್ಟುಕೊಳ್ಳಿ.