ಮೂರು ಮಳೆಗಾಲ ಕಂಡ ಗ್ಲೇಡಿಯಸ್: ಪಾಂಪೇ ಮಾದರಿ ಪ್ರತಿಕೃತಿಯ ವಿಮರ್ಶೆ

ಗ್ಲೇಡಿಯಸ್ ಎಂದರೆ ರೋಮನ್ ಸೈನಿಕರ ಗಿಡ್ಡ ಕತ್ತಿ. ಮೊದಲು ಅಳತೆ. ಅಲಗು 50 ಸೆಂ.ಮೀ. ಉದ್ದ, 5 ಸೆಂ.ಮೀ. ಅಗಲ, ತೂಕ 1,150 ಗ್ರಾಂ, ಹದ ಹಿಡಿಸಿದ ಕಾರ್ಬನ್ ಸ್ಟೀಲ್, ಬಾಯಿ ಮಸೆದಿಲ್ಲ. ಉದ್ದ ಅಗಲಗಳಲ್ಲಿ ತಕರಾರಿಲ್ಲ. ಕ್ರಿ.ಶ. 79ರಲ್ಲಿ ವೆಸೂವಿಯಸ್ ಜ್ವಾಲಾಮುಖಿಯ ಬೂದಿಯಡಿ ಹೂತುಹೋದ ರೋಮನ್ ಪಟ್ಟಣ ಪಾಂಪೇಯಲ್ಲಿ ಸಿಕ್ಕ ಕತ್ತಿಗಳ ಆಕಾರವೇ ಇದು: ಎರಡೂ ಅಂಚು ನೇರ, ಮೊನೆ ಗಿಡ್ಡ ತ್ರಿಕೋನ. ಎಡವಿರುವುದು ತೂಕದಲ್ಲಿ. ರೋಮನ್ ಸೈನಿಕರ ಈ ಕತ್ತಿ 700 ಗ್ರಾಂನಿಂದ ಒಂದು ಕಿಲೋವರೆಗೆ ತೂಗುತ್ತಿತ್ತೆಂಬ ಅಂದಾಜಿದೆ. ಇಲ್ಲಿ ಅಲಗಿನ ನಡುದಿಣ್ಣೆ ಬುಡದಲ್ಲಿ 5 ಮಿ.ಮೀ., ಮೊನೆಯ ಹತ್ತಿರವೂ 5 ಮಿ.ಮೀ. ಮುಂದಕ್ಕೆ ಹೋದಂತೆ ತೆಳುವಾಗಬೇಕಿತ್ತು, ಆಗಿಲ್ಲ. ಹಾಗಾಗಿ ಹತ್ತು ಸಲ ತಿವಿಯುವಷ್ಟರಲ್ಲಿ ಮೊನೆ ನೆಲದ ಕಡೆ ಬಾಗತೊಡಗುತ್ತದೆ, ಮಣಿಕಟ್ಟು ಸೋಲುತ್ತದೆ. ತಿವಿಯಲೆಂದೇ ಹೆಸರಾದ ಕತ್ತಿಗೆ ಇದು ಸಣ್ಣ ದೋಷವಲ್ಲ.

ಉದ್ದ ಮೊನೆಯೇ ಬೇಕೆನ್ನುವವರು ಇದಕ್ಕಿಂತ ಹಳೆಯ ಮೈನ್ಜ್ ಮಾದರಿ ನೋಡಿ; ಅದರ ಅಲಗು ಅಗಲ, ನಡು ಸಣ್ಣ, ಮೊನೆ ಚೂಪು.

ನಿಜವಾದ ತೊಂದರೆ ಹಿಡಿಯದು. ಹಿಂತುದಿಯ ಮರದ ಗುಂಡು, ನಾಲ್ಕು ಬೆರಳಿಗೆ ನಾಲ್ಕು ತಗ್ಗಿನ ಹಿಡಿ, ಅಲಗಿಗೂ ಹಿಡಿಗೂ ನಡುವೆ ಕೈ ಕಾಯುವ, ಹಿತ್ತಾಳೆ ತಗಡು ಕೂರಿಸಿದ ಮರದ ಗಾರ್ಡ್, ಈ ಮೂರನ್ನೂ ತೂರಿಕೊಂಡು ಅಲಗಿನ ಬಾಲ ಹಿಂದಕ್ಕೆ ಹೋಗುತ್ತದೆ; ತುದಿಯನ್ನು ಹಿತ್ತಾಳೆ ಗುಂಡಿಯ ಮೇಲೆ ಬಡಿದು ಹರಡಿರುತ್ತಾರೆ. ಮಳೆಗಾಲದಲ್ಲಿ ಉಬ್ಬಿದ ಮರ ಮಾರ್ಚ್ ಹೊತ್ತಿಗೆ ಕುಗ್ಗುತ್ತದೆ, ಗಾರ್ಡ್ ಅರ್ಧ ಮಿ.ಮೀ. ಸಡಿಲವಾಗಿ ಕಟಕಟ ಅನ್ನುತ್ತದೆ. ಅಂಟು ಸುರಿಯಬೇಡಿ, ಮುಂದಿನ ಮಳೆಗೆ ಮರ ಉಬ್ಬಲು ಜಾಗವಿಲ್ಲದೆ ಸೀಳುತ್ತದೆ. ಅಲಗನ್ನು ಎರಡು ಮರದ ತುಂಡುಗಳ ನಡುವೆ ವೈಸ್‌ಗೆ ಕಚ್ಚಿಸಿ, ಮೊನೆ ಕೆಳಗಿರಲಿ, 200 ಗ್ರಾಂ ಸುತ್ತಿಗೆಯ ಗುಂಡುಬದಿಯಿಂದ ಬಾಲದ ತುದಿಯನ್ನು ಸುತ್ತಲೂ ಸಣ್ಣಗೆ ತಟ್ಟಿ. ಎಂಟು ಹತ್ತು ಏಟು ಸಾಕು. ಆಮೇಲೆ ಮರಕ್ಕೆ ಅಗಸೆ ಎಣ್ಣೆ ತೆಳುವಾಗಿ ಎರಡು ಸಲ, ನಡುವೆ ಒಂದು ದಿನ ಬಿಟ್ಟು. ಕೊಳ್ಳುವಾಗ ಬಾಲದ ತುದಿಯಲ್ಲಿ ಬೆಸುಗೆ ಹಾಕಿದ ಸ್ಕ್ರೂ ಕಂಡರೆ ವಾಪಸ್ ಇಡಿ, ಮುರಿಯುವುದು ಅಲ್ಲೇ.

ಹಿಡಿಯ ಉದ್ದ 10 ಸೆಂ.ಮೀ. ದೊಡ್ಡ ಕೈಯವರಿಗೂ ಸಿಗಲಿ ಎಂದು ಬೆಳೆಸಿದಂತಿದೆ. ಆದರೆ ಗುಂಡು ಮತ್ತು ಗಾರ್ಡ್ ನಡುವೆ ಮುಷ್ಟಿ ಬಿಗಿಯಾಗಿ ಕೂತರೇ ತಿವಿದಾಗ ಕೈ ಮುಂದಕ್ಕೆ ಜಾರದು. ಇಲ್ಲಿ ಜಾರುತ್ತದೆ.

ಒರೆ ಅಂದವಾಗಿದೆ: ಎರಡು ತೆಳು ಮರದ ಪಟ್ಟಿ, ಮೇಲೆ ಚರ್ಮ, ಹಿತ್ತಾಳೆ ಕಟ್ಟು, ನಾಲ್ಕು ಬಳೆ. ಬಳೆಗಳ ಬಾಯಿಗೆ ಬೆಸುಗೆಯಿಲ್ಲ. ಓಡಾಡಿದರೆ ತೆರೆದುಕೊಳ್ಳುತ್ತವೆ, ಪಾತ್ರೆ ಬೆಸುಗೆಯವರ ಹತ್ತಿರ ಮೊದಲೇ ಹಾಕಿಸಿ. ಸಾಮಾನ್ಯ ಸೈನಿಕ ಇದನ್ನು ಬಲಸೊಂಟಕ್ಕೇ ಕಟ್ಟುತ್ತಿದ್ದ, ದಳದ ನಾಯಕನಾದ ಸೆಂಚುರಿಯನ್ ಎಡಕ್ಕೆ. ಬಲಗಡೆಯಿಂದ ಸೆಳೆಯುವುದು ಕಷ್ಟವೇನಲ್ಲ: ಅಂಗೈ ಹೊರಕ್ಕೆ, ಹೆಬ್ಬೆರಳು ಕೆಳಕ್ಕೆ ಮಾಡಿ ಹಿಡಿದು ನೇರ ಮೇಲಕ್ಕೆ ಎಳೆದು ಮೊನೆಯನ್ನು ಮುಂದಕ್ಕೆ ಹೊರಳಿಸಿದರೆ ಮೊಣಕೈ ಗುರಾಣಿಗೆ ತಾಗುವುದಿಲ್ಲ. ಒರೆಯನ್ನು ಕೆಳಗೆ ಜೋತುಬಿಟ್ಟರೆ ಮಾತ್ರ ಕತ್ತಿ ಅರ್ಧಕ್ಕೇ ಸಿಕ್ಕಿಕೊಳ್ಳುತ್ತದೆ. ಪಕ್ಕೆಲುಬಿನವರೆಗೆ ಎತ್ತಿ ಕಟ್ಟಿ.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಒರೆಯಲ್ಲಿ ಇಡಲೇಬೇಡಿ. ಚರ್ಮ, ಮರ ಎರಡೂ ತೇವ ಹಿಡಿದಿಟ್ಟುಕೊಳ್ಳುತ್ತವೆ. ಎರಡೇ ವಾರದಲ್ಲಿ ಅಲಗಿನ ಮೇಲೆ ರಾಗಿಕಾಳಿನಷ್ಟು ಕಪ್ಪು ಚುಕ್ಕಿ ಬೀಳುತ್ತವೆ. 800ರ ಎಮರಿ ಕಾಗದಕ್ಕೆ ಹೊಲಿಗೆ ಯಂತ್ರದ ಎಣ್ಣೆ ಹಾಕಿ ಉದ್ದಕ್ಕೇ ಉಜ್ಜಿ, ಅಡ್ಡಡ್ಡ ಉಜ್ಜಿದರೆ ಗೀರು ಉಳಿಯುತ್ತದೆ. ಹಿತ್ತಾಳೆಯ ಕಿಲುಬಿಗೆ ಹುಣಸೆಹಣ್ಣು ಸರಿಯೇ, ಆದರೆ ರಸ ಉಕ್ಕಿಗೆ ತಾಕದಂತೆ ಬಟ್ಟೆ ಸುತ್ತಿ.

ಬಾಯಿ ಮಸೆಸುವ ಯೋಚನೆ ಇದ್ದರೆ ಮೊದಲು ಠಾಣೆಯಲ್ಲಿ ವಿಚಾರಿಸಿ. 9 ಇಂಚಿಗಿಂತ ಉದ್ದದ ಹರಿತ ಅಲಗಿಗೆ ಲೈಸೆನ್ಸ್ ಕೇಳುವ ಪ್ರದೇಶಗಳಿವೆ, ಇದು ಸುಮಾರು 20 ಇಂಚು.